ಪಾಸಿಂಗ್ ಪ್ಯಾಕೇಜಿನ ಆಚೆಗೆ

(ಬಿಜೂರು, ಮಾರ್ಚ್ ತಿಂಗಳ ಒಂದು ಭಾನುವಾರ. ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯರು. ಇನ್ನೊಬ್ಬರು ಅವರ ಹಳೆಯ ವಿದ್ಯಾರ್ಥಿನಿ, ಈಗ ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್.)

ಟೀಚರ್: ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಈ ಸಲ ನಮ್ಮ ಶಾಲೆಯಿಂದ ಮೂವರು ಕೂತಿದ್ರು ಸರ್. ಕೂರಬೇಕಾಗಿದ್ದ ನಾಲ್ಕನೆಯವನು ಕೂರಲಿಲ್ಲ.

ಮಾಷ್ಟ್ರು: ಎಂತಕ್ಕೆ? ಮನೆಯವರು ಒಪ್ಪಲಿಲ್ವಾ?

ಟೀಚರ್: ಮನೆಯವರ ತನಕ ಮಾತು ಹೋಗಲೇ ಇಲ್ಲ. ಹುಡುಗ ಬಂದದ್ದೇ ದೀಪಾವಳಿ ಕಳೆದ ಮೇಲೆ. ಬಾಗಲಕೋಟೆ ಕಡೆಯವರು, ಅಪ್ಪ ಅಮ್ಮ ಇಬ್ಬರೂ ಕೆಂಪುಕಲ್ಲಿನ ಕೋರೆಗೆ ಬಂದವರು. ಮಳೆ ಹಿಡೀತು ಅಂದ್ರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ. ನವೋದಯದ ಅರ್ಜಿ ಕರೆಯೋದು ಆ ಮಳೆಗಾಲದಲ್ಲೇ. ಐದನೇ ತರಗತಿಯನ್ನು ವರ್ಷಪೂರ್ತಿ ಅದೇ ಜಿಲ್ಲೆಯಲ್ಲಿ ಓದಿರಬೇಕು ಅನ್ನೋ ನಿಯಮ ಬೇರೆ. ಇವನು ಅಲ್ಲಿಗೂ ಸಲ್ಲ, ಇಲ್ಲಿಗೂ ಸಲ್ಲ.

ಮಾಷ್ಟ್ರು: ಉಳಿದ ಮೂವರು?

ಟೀಚರ್: ಇಬ್ಬರು ಕೋಚಿಂಗಿಗೆ ಹೋಗುವವರು. ಇನ್ನೊಬ್ಬಳು ಮೀನುಗಾರರ ಮನೆಯ ಹುಡುಗಿ, ಅವಳ ಅರ್ಜಿ ನಾನೇ ಕೂತು ಹಾಕಿಸಿದ್ದು. ಅವಳಜ್ಜಿ ಶಾಲೆಗೆ ಬಂದು, "ಹುಡ್ಗಿ ಹುಷಾರ್ ಇತ್ತ್, ಹೌದ್. ಆರೆ ಅಷ್ಟ್ ದೂರ ಕಳ್ಸುಕೆ ಮನ್ಸ್ ಬತ್ತಿಲ್ಲ" ಅಂದ್ರು. ಸಿಕ್ಕಿದ ಮೇಲೆ ನೋಡುವ ಅಂತ ಸಮಾಧಾನ ಮಾಡಿ ಕಳಿಸಿದೆ.

ಮಾಷ್ಟ್ರು: ಸಿಗುವುದು ಸುಲಭ ಅಂದುಕೊಂಡಿದ್ದೀಯಾ? ಉಡುಪಿ ಜಿಲ್ಲೆಗೆ ಇರುವುದು ಒಂದೇ ನವೋದಯ, ಹೆಬ್ರಿ ಹತ್ತಿರದ ಚಾರದಲ್ಲಿ. ಆರನೇ ತರಗತಿಗೆ 80 ಸೀಟು. ಏಳು ತಾಲೂಕಿನ ಮಕ್ಕಳು ಅದಕ್ಕೇ ಬಡಿದಾಡಬೇಕು. 1986ರ ಶಿಕ್ಷಣ ನೀತಿಯಲ್ಲಿ ಅದನ್ನು ಮಾದರಿ ಶಾಲೆ ಅಂತ ಕರೆದರು, ಸುತ್ತಲಿನ ಶಾಲೆಗಳು ಅದನ್ನು ನೋಡಿ ಮೇಲೆ ಬರಬೇಕು ಅಂತ. ಸುತ್ತಲಿನ ಶಾಲೆಗಳು ಅದಕ್ಕೆ ಮಕ್ಕಳನ್ನು ಕಳಿಸಿದ್ದು ಬಿಟ್ಟರೆ ಬೇರೆ ಎಂತ ಆಯ್ತು ಹೇಳು.

ಟೀಚರ್: ಹಾಗೆ ತಳ್ಳಿಹಾಕಬೇಡಿ ಸರ್. ಕನಿಷ್ಠ ಮುಕ್ಕಾಲು ಪಾಲು ಸೀಟು ಹಳ್ಳಿ ಮಕ್ಕಳಿಗೆ, ಮೂರರಲ್ಲಿ ಒಂದು ಹುಡುಗಿಯರಿಗೆ. ಊಟ, ವಸತಿ, ಪುಸ್ತಕ ಎಲ್ಲ ಅವರದ್ದೇ. ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ದೋಣಿಗೆ ಹೋಗುವವರ ಮನೆಗೆ ಅಂಥ ಬಾಗಿಲು ಇನ್ನೆಷ್ಟು ಇವೆ?

ಮಾಷ್ಟ್ರು: ಬಾಗಿಲು ಒಳ್ಳೆಯದೇ. ನನ್ನ ಪ್ರಶ್ನೆ ಅದು ಯಾರಿಗೆ ತೆರೆಯುತ್ತದೆ ಅಂತ. ಎರಡು ಗಂಟೆ, 80 ಪ್ರಶ್ನೆ. ಅದರಲ್ಲಿ ಅರ್ಧ ಆಕೃತಿಗಳದ್ದು, ಉಳಿದದ್ದು ಲೆಕ್ಕ ಮತ್ತು ಭಾಷೆ. ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುಂಡಿ ಕಪ್ಪು ಮಾಡಬೇಕು. ಎರಡು ವರ್ಷ ಬಿಡದೆ ಹಳೆಯ ಪ್ರಶ್ನೆಪತ್ರಿಕೆ ತಿಕ್ಕಿದ ಮಗುವಿಗೂ, ಮೊದಲ ಸಲ ಅಂಥ ಹಾಳೆ ನೋಡಿದ ಮಗುವಿಗೂ ನಡುವೆ ಇರುವ ಅಂತರ ಬುದ್ಧಿಯದ್ದೋ ಅಭ್ಯಾಸದ್ದೋ ಅಂತ ಆ ಹಾಳೆ ಹೇಳುವುದಿಲ್ಲ. ಇರಲಿ, ನಿನ್ನ ಬಾಗಲಕೋಟೆ ಹುಡುಗನ ಕತೆ ಹೇಳು. ಅವನು ಹುಷಾರು ಅಂತ ನಿನಗೆ ಹೇಗೆ ಗೊತ್ತಾಯ್ತು?

ಟೀಚರ್: ಮೊದಲು ಗೊತ್ತಾಗಲೇ ಇಲ್ಲ. ಕನ್ನಡ ಕಾಪಿಯಲ್ಲಿ ಎಲ್ಲ ಕಡೆ 'ಅದಾನ', 'ಹೊಂಟಾನ' ಅಂತ ಬರೀತಿದ್ದ. ಮಕ್ಕಳು ನಗೋರು. ಓದು ಅಂತ ನಿಲ್ಲಿಸಿದರೆ ಬಾಯಿ ಬಿಡೋನಲ್ಲ. ನನ್ನ ಲೆಕ್ಕದಲ್ಲಿ ಅವನು ನಿಧಾನ ಕಲಿಕೆಯ ಪಟ್ಟಿಯಲ್ಲಿ ಇದ್ದ. ಒಂದು ಶನಿವಾರ, ಬೆಳಗಿನ ಶಾಲೆ, ನಾಲ್ಕು ಐದು ಎರಡೂ ತರಗತಿ ಒಟ್ಟಿಗೆ ಕೂರಿಸಿದ್ದೆ. ಬೋರ್ಡಿನ ಮೇಲೆ ಹೀಗೆ ಬರೆದೆ: ಒಂದು ಊರಲ್ಲಿ 3 ರೂಪಾಯಿ ಮತ್ತು 5 ರೂಪಾಯಿಯ ನೋಟು ಮಾತ್ರ ಇವೆ. ಅಂಗಡಿಯವ ಚಿಲ್ಲರೆ ವಾಪಸ್ ಕೊಡುವುದಿಲ್ಲ. ಯಾವ ಯಾವ ಬೆಲೆಯ ಸಾಮಾನು ಕೊಳ್ಳಲು ಆಗುವುದಿಲ್ಲ?

ಮಾಷ್ಟ್ರು: ಒಂದು, ಎರಡು, ನಾಲ್ಕು… ಏಳೂ ಆಗುವುದಿಲ್ಲ.

ಟೀಚರ್: ಹೌದು, ಅಷ್ಟು ಸುಮಾರು ಮಕ್ಕಳಿಗೆ ಬಂತು. ನಮ್ಮ ತರಗತಿಯ ಮೊದಲನೆಯವನು, ಕೋಚಿಂಗಿಗೆ ಹೋಗುವ ಇಬ್ಬರಲ್ಲಿ ಒಬ್ಬ, ಅಲ್ಲಿಗೆ ನಿಲ್ಲಲಿಲ್ಲ. ಎಂಟು ಆಗ್ತದೆ, ಒಂಬತ್ತು ಆಗ್ತದೆ ಅಂತ ಒಂದೊಂದೇ ಸಾಲು ಚಂದ ಮಾಡಿ ಬರೆಯುತ್ತಾ ನಲವತ್ತರ ತನಕ ಬಂದ. "ಅದರಾಚೆಗೆ?" ಅಂದೆ. "ನೋಡಬೇಕು ಟೀಚರ್" ಅಂದ. ಅಷ್ಟು ಹೊತ್ತಿಗೆ ಹಿಂದಿನಿಂದ ಇವನು, ಕಾಪಿಯಲ್ಲಿ ಒಂದಕ್ಷರ ಬರೆದಿರಲಿಲ್ಲ, "ಎಂಟು, ಒಂಬತ್ತು, ಹತ್ತು ಆತಲ್ರೀ ಟೀಚರ್. ಇನ್ನ ಮೂರ ಮೂರ ಹಚ್ಚಿಕೋತ ಹ್ವಾದ್ರ ಎಲ್ಲಾ ಬರ್ತಾವ" ಅಂದ.

ಮಾಷ್ಟ್ರು: ಆಹಾ!

ಟೀಚರ್: ಅಲ್ಲಿಗೆ ಮುಗಿಯಲಿಲ್ಲ ಸರ್. ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ, "ಮೂರು, ಆರು ನೋಟು ಇದ್ರ?" ಕೇಳಿ ತಾನೇ ನಕ್ಕ. "ಹತ್ತೂ ಆಗಂಗಿಲ್ಲ, ಹನ್ನೊಂದೂ ಆಗಂಗಿಲ್ಲ, ಅಂಗಡಿಯಾವ ಬಾಗಿಲಾ ಹಾಕ್ಕೊಂಡು ಹೊಕ್ಕಾನ" ಅಂದ. ಇಡೀ ತರಗತಿ ನಕ್ಕಿತು, ಆವತ್ತು ಅವನ ಮಾತಿಗೆ ಅಲ್ಲ, ಅವನು ಹೇಳಿದ್ದಕ್ಕೆ.

ಮಾಷ್ಟ್ರು: ಉತ್ತರ ಹೇಳಿದ್ದಕ್ಕಿಂತ ಆ ಎರಡನೇ ಪ್ರಶ್ನೆ ದೊಡ್ಡದು. ಗುಂಡಿ ಕಪ್ಪು ಮಾಡುವ ಹಾಳೆಯಲ್ಲಿ 'ಯಾಕೆ' ಅಂತ ಬರೆಯಲು ಜಾಗ ಇಲ್ಲ, 'ಹಾಗಾದರೆ ಇದು?' ಅಂತ ಕೇಳಲು ಮೊದಲೇ ಇಲ್ಲ. ಆದರೆ ಒಂದು ಮಾತು. ನಲವತ್ತರ ತನಕ ಬರೆದವನನ್ನೂ ಕಮ್ಮಿ ಅಂತ ಎಣಿಸಬೇಡ. ಬಿಡದೆ ಬರೆಯುವ ಹಟವೂ ಒಂದು ಗುಣವೇ.

ಟೀಚರ್: ಎಣಿಸಲಿಲ್ಲ. ಆದರೆ ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಲೆಕ್ಕ ಕೊಡದೇ ಇದ್ದಿದ್ದರೆ ಏಪ್ರಿಲ್ ತನಕ ಅವನು ಅದೇ ಪಟ್ಟಿಯಲ್ಲಿ ಇರ್ತಿದ್ದ.

ಮಾಷ್ಟ್ರು: ನಿನಗೆ ಒಂದು ಹಳೆಯ ಕತೆ ಹೇಳುತ್ತೇನೆ. ಬುದ್ಧಿ ಅಳೆಯುವ ಪರೀಕ್ಷೆ ಮೊದಲು ಮಾಡಿದ್ದು ಪ್ಯಾರಿಸಿನಲ್ಲಿ, 1905ರಲ್ಲಿ, ಆಲ್ಫ್ರೆಡ್ ಬಿನೆ ಮತ್ತು ಸಿಮೋನ್. ಅವರಿಗೆ ಬೇಕಾಗಿದ್ದದ್ದು ಜಾಣರನ್ನು ಆರಿಸುವುದಲ್ಲ, ಶಾಲೆಯಲ್ಲಿ ಹೆಚ್ಚಿನ ಸಹಾಯ ಯಾರಿಗೆ ಬೇಕು ಅಂತ ಕಂಡುಹಿಡಿಯುವುದು. ಅದು ಅಮೆರಿಕಕ್ಕೆ ಹೋದದ್ದೇ ತಲೆಕೆಳಗಾಯ್ತು. ಸ್ಟ್ಯಾನ್‌ಫರ್ಡಿನ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಿಂದ ಒಂದೂವರೆ ಸಾವಿರದಷ್ಟು ಅತಿ ಜಾಣ ಮಕ್ಕಳನ್ನು ಆರಿಸಿ, ಅವರು ಮುದುಕರಾಗುವ ತನಕ ಬೆನ್ನುಹತ್ತುವ ಕೆಲಸ ಶುರು ಮಾಡಿದ. ಮೊದಲ ಜರಡಿ ಯಾರು ಗೊತ್ತಾ? ಮೇಷ್ಟ್ರುಗಳು. ನಿಮ್ಮ ತರಗತಿಯಲ್ಲಿ ಎಲ್ಲರಿಗಿಂತ ಜಾಣರು ಯಾರು ಅಂತ ಅವರನ್ನು ಕೇಳಿ, ಅವರು ಹೇಳಿದವರಿಗೆ ಪರೀಕ್ಷೆ.

ಟೀಚರ್: ಅಂದರೆ ನಾನು ನವೋದಯಕ್ಕೆ ಮೂವರ ಹೆಸರು ಕೊಟ್ಟ ಹಾಗೆ.

ಮಾಷ್ಟ್ರು: ಹಾಗೇ. ಆಗ ಪರೀಕ್ಷೆಗೆ ಕೂತು, ಅಂಕ ಸಾಲದೆ ಹೊರಗೆ ಉಳಿದ ಹುಡುಗರಲ್ಲಿ ಇಬ್ಬರು ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್. ಶಾಕ್ಲಿಗೆ 1956ರಲ್ಲಿ, ಆಲ್ವರೆಜ್‌ಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆರಿಸಿದ ಒಂದೂವರೆ ಸಾವಿರದಲ್ಲಿ ಒಬ್ಬರಿಗೂ ಬರಲಿಲ್ಲ.

ಟೀಚರ್: ಈ ಕತೆ ಕೇಳಿ ಪರೀಕ್ಷೆಯೇ ಬೇಡ ಅನ್ನುವ ಹಾಗೂ ಇಲ್ಲ ಸರ್. ನಾನು ಓದಿದ್ದು ಬೇರೆ ಇದೆ. ಫ್ಲೋರಿಡಾದ ಬ್ರೊವಾರ್ಡ್ ಕೌಂಟಿ ಅಂತ. ಅಲ್ಲಿ ಮೊದಲು ಟೀಚರ್ ಅಥವಾ ಅಪ್ಪ-ಅಮ್ಮ ಹೆಸರು ಹೇಳಿದ ಮಕ್ಕಳನ್ನು ಮಾತ್ರ ಪರೀಕ್ಷೆ ಮಾಡ್ತಿದ್ರು. 2005ರಿಂದ ಎರಡನೇ ತರಗತಿಯ ಅಷ್ಟೂ ಮಕ್ಕಳಿಗೆ ಒಂದು ಪರೀಕ್ಷೆ ಕೊಟ್ಟರು. ಅದರಲ್ಲಿ ಭಾಷೆಯ ಗೊಡವೆ ಇಲ್ಲ, ಬರೀ ಆಕೃತಿಗಳು. ಬಡವರ ಮಕ್ಕಳು, ಕಪ್ಪು ಜನಾಂಗದವರು, ಸ್ಪ್ಯಾನಿಷ್ ಮನೆಮಾತಿನವರು ಇವರೆಲ್ಲ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ ಬೆಳಕಿಗೆ ಬಂದರು. ಮಕ್ಕಳು ಮೊದಲೂ ಅಲ್ಲೇ ಇದ್ದವರು, ಹೆಸರು ಹೇಳುವವರು ಇರಲಿಲ್ಲ ಅಷ್ಟೇ. ದುಡ್ಡು ಸಾಲದು ಅಂತ ಆ ಪರೀಕ್ಷೆ ನಿಲ್ಲಿಸಿದಾಗ ಸಂಖ್ಯೆ ಮತ್ತೆ ಇಳಿಯಿತು. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ 2016ರಲ್ಲಿ ಬರೆದದ್ದು. ಕಾರ್ಡ್‌ಗೆ ಆಮೇಲೆ ಅರ್ಥಶಾಸ್ತ್ರದ ನೊಬೆಲ್ ಬಂತು, ನಿಮಗೆ ನೊಬೆಲ್ ಇದ್ದರೆ ನಂಬಿಕೆ ಜಾಸ್ತಿ ಅಂತ ಹೇಳಿದೆ.

ಮಾಷ್ಟ್ರು: (ನಕ್ಕು) ಹಾಂಗಾರೆ ಇಬ್ಬರೂ ಒಂದೇ ಕಡೆಗೆ ಬಂದೆವು. ತಪ್ಪು ಪರೀಕ್ಷೆಯದ್ದಲ್ಲ, ಆಯ್ದ ಕೆಲವರಿಗೆ ಮಾತ್ರ ಕೊಡುವುದರದ್ದು. ನೀನು ಆವತ್ತು ಬೋರ್ಡಿನ ಮೇಲೆ ಬರೆದದ್ದೂ ಒಂದು ಪರೀಕ್ಷೆಯೇ. ಎಲ್ಲರ ಎದುರಿಗೆ ಇಟ್ಟೆ, ಭಾಷೆ ಹೆಚ್ಚು ಬೇಡ, ಮೊದಲ ಮೆಟ್ಟಿಲು ಎಲ್ಲರೂ ಹತ್ತಬಹುದು, ಮೇಲೆ ಎಷ್ಟು ದೂರ ಬೇಕಾದರೂ ಹೋಗಬಹುದು. ಅಂಥದ್ದು ವಾರಕ್ಕೊಂದು ಇಟ್ಟರೆ ಯಾರ ಹೆಸರನ್ನೂ ಯಾರೂ ಶಿಫಾರಸು ಮಾಡಬೇಕಾಗಿಲ್ಲ.

ಟೀಚರ್: ವಾರಕ್ಕೊಂದು! ನಾಲ್ಕು ಐದು ಸೇರಿಸಿ ಒಂದೇ ಕೋಣೆ, ಮಧ್ಯಾಹ್ನದ ಊಟದ ಲೆಕ್ಕ, ಆನ್‌ಲೈನ್ ಎಂಟ್ರಿ, ತರಬೇತಿ. ನೀವು ನಿವೃತ್ತರಾದ ಮೇಲೆ ಕಾಗದಪತ್ರ ಮೂರು ಪಟ್ಟು ಆಗಿದೆ ಸರ್.

ಮಾಷ್ಟ್ರು: ಅದು ಒಪ್ಪಿದೆ.

ಟೀಚರ್: ಮತ್ತೆ ಮೇಲಿನವರ ಲಕ್ಷ್ಯ ಎಲ್ಲಿದೆ ನೋಡಿ. 2024ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ ಶೇ 94 ತೆಗೆದು ರಾಜ್ಯಕ್ಕೆ ಮೊದಲು ಬಂತು. ಖುಷಿಯೇ, ಬೇಡ ಅನ್ನೋದಿಲ್ಲ. ಅಂಥ ಸ್ಥಾನಕ್ಕಾಗಿ ಹೈಸ್ಕೂಲಿನವರು ಎಂತ ಮಾಡ್ತಾರೆ? ನಿಧಾನ ಕಲಿಕೆಯವರಿಗೆ ವಿಶೇಷ ತರಗತಿ, ದತ್ತು ಯೋಜನೆ, ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ಪಾಸಿಂಗ್ ಪ್ಯಾಕೇಜ್. ಕೋವಿಡ್ ಆದ ಮೇಲೆ ನಮಗೆ 'ಕಲಿಕಾ ಚೇತರಿಕೆ' ಬಂತು, ಅದೂ ಹಿಂದೆ ಬಿದ್ದವರಿಗೆ. ಅವೆಲ್ಲ ಬೇಕಾದದ್ದೇ. ಪಾಸಾಗುವುದರಾಚೆ ಇರುವ ಮಗುವಿಗೆ ಮಾತ್ರ ಪ್ಯಾಕೇಜ್ ಇಲ್ಲ. ಅದಕ್ಕೆ ಒಂದೇ ಯೋಜನೆ, ಕಾಪಿ ತಿದ್ದಿಸುವುದು.

ಮಾಷ್ಟ್ರು: ಹಾಂ, ಅದು ನಮ್ಮ ಕಾಲದಿಂದಲೂ ಇದೆ. ಜಾಣ ಹುಡುಗನನ್ನು ಮಾನಿಟರ್ ಮಾಡುವುದು, ಮೇಷ್ಟ್ರ ಅರ್ಧ ಕೆಲಸ ಅವನ ತಲೆಗೆ. ಸಂಬಳ ಇಲ್ಲದ ಅಸಿಸ್ಟೆಂಟ್. ಇನ್ನೊಬ್ಬರಿಗೆ ಕಲಿಸಿದರೆ ತನಗೂ ಬರುತ್ತದೆ ಅಂತ ಸಮಜಾಯಿಷಿ. ಒಂದು ಸಲಕ್ಕೆ ನಿಜ. ಹತ್ತನೇ ಸಲಕ್ಕೆ ಅವನು ಕಲಿಯುವುದು ದೊಡ್ಡಸ್ತಿಕೆ ಮಾತ್ರ.

ಟೀಚರ್: ವಿದ್ಯಾರ್ಥಿವೇತನಗಳು ಇವೆ ಅಂತ ಹೇಳ್ತಾರೆ. ಎನ್‌ಎಂಎಂಎಸ್ ಒಳ್ಳೆಯದೇ. ಎಂಟನೇ ತರಗತಿಯಲ್ಲಿ ಪರೀಕ್ಷೆ, ಬೌದ್ಧಿಕ ಸಾಮರ್ಥ್ಯದ್ದು 90 ಪ್ರಶ್ನೆ, ವಿಷಯಜ್ಞಾನದ್ದು 90. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ, ಮನೆಯ ಆದಾಯ ಮೂರೂವರೆ ಲಕ್ಷ ಮೀರಬಾರದು. ಸಿಕ್ಕಿದರೆ ಒಂಬತ್ತರಿಂದ ಪಿಯುಸಿ ಮುಗಿಯುವ ತನಕ ವರ್ಷಕ್ಕೆ 12,000. ತಿಂಗಳಿಗೆ ಸಾವಿರ ಬರ್ತದೆ ಅನ್ನುವ ಒಂದೇ ಕಾರಣಕ್ಕೆ ಗೇರುಬೀಜದ ಫ್ಯಾಕ್ಟರಿಗೆ ಹೋಗದೆ ಕಾಲೇಜಿಗೆ ಹೋದ ಹುಡುಗಿಯರನ್ನು ಕಂಡಿದ್ದೇನೆ. ಆದರೆ ಅದು ಮಗುವನ್ನು ಶಾಲೆಯಲ್ಲಿ ಉಳಿಸುವ ದುಡ್ಡು. ಶಾಲೆಯಲ್ಲಿ ಉಳಿದ ಮೇಲೆ ಎಂತ ಕಲಿಸಬೇಕು ಅಂತ ಅದು ಹೇಳೋದಿಲ್ಲ.

ಮಾಷ್ಟ್ರು: ಎನ್‌ಟಿಎಸ್‌ಇ ಕತೆ ಅದಕ್ಕಿಂತ ಬೇಸರದ್ದು. 1963ರಲ್ಲಿ ದೆಹಲಿಯಲ್ಲಿ ವಿಜ್ಞಾನ ಪ್ರತಿಭಾ ಶೋಧ ಅಂತ ಶುರುವಾದದ್ದು, ಮರುವರ್ಷ ದೇಶಕ್ಕೆಲ್ಲ ಹಬ್ಬಿತು. ನಾವು ಹುಡುಗರನ್ನು ಹುರಿದುಂಬಿಸಿ ಕೂರಿಸುತ್ತಿದ್ದೆವು. ಹತ್ತನೇ ತರಗತಿಯವರಿಗೆ ಅದೊಂದು ಗೌರವ. 2021ರಲ್ಲಿ ನಿಂತದ್ದು, ಮತ್ತೆ ಶುರುವಾಗಲಿಲ್ಲ.

ಟೀಚರ್: ಧ್ರುವ ಅಂತ ಜಾಣ ಮಕ್ಕಳಿಗೆ ಒಂದು ಕಾರ್ಯಕ್ರಮ ಬಂತಲ್ಲ, ಬೆಂಗಳೂರಿನ ಇಸ್ರೋದಲ್ಲಿ ಉದ್ಘಾಟನೆ, 2019ರ ಅಕ್ಟೋಬರ್. ಇಡೀ ದೇಶದಿಂದ 60 ಮಕ್ಕಳು. ಪತ್ರಿಕೆಯಲ್ಲಿ ಫೋಟೊ ನೋಡಿ ಇಟ್ಟುಕೊಂಡಿದ್ದೆ.

ಮಾಷ್ಟ್ರು: ಅರುವತ್ತು! ನಮ್ಮ ಒಂದು ಶಾಲೆಯಲ್ಲಿ ಒಂದು ಕಾಲಕ್ಕೆ ಆರನೇ ತರಗತಿಯಲ್ಲೇ ಅಷ್ಟಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಈ ವಿಷಯಕ್ಕೆ ನಾಲ್ಕು ಪ್ಯಾರಾ ಇದೆ, ಓದಿದ್ದೇನೆ. ಪ್ರತಿ ಮಗುವಿನಲ್ಲೂ ಪ್ರತಿಭೆ ಇದೆ, ಪಠ್ಯದಾಚೆಗಿನ ಸಾಮಗ್ರಿ ಕೊಡಬೇಕು, ಬಿ.ಎಡ್.ನಲ್ಲಿ ಇದನ್ನೇ ವಿಶೇಷವಾಗಿ ಕಲಿಯಲು ಅವಕಾಶ ಆಗಬೇಕು, ವಿಷಯವಾರು ಕ್ಲಬ್ಬುಗಳು, ಹಳ್ಳಿಯಲ್ಲೂ ಪ್ರಾದೇಶಿಕ ಭಾಷೆಯಲ್ಲೂ ಒಲಿಂಪಿಯಾಡ್. ಒಂದೂ ತಪ್ಪು ಮಾತಿಲ್ಲ. ನಮ್ಮ ರಾಜ್ಯ ಆ ನೀತಿಯೇ ಬೇಡ ಅಂತ ಬೇರೆ ಆಯೋಗ ಮಾಡಿತು, ಅದು ಬೇರೆ ಜಗಳ. ಯಾವ ನೀತಿ ಬಂದರೂ ಸೋಮವಾರ ಬೆಳಿಗ್ಗೆ ಎರಡನೇ ಪಿರಿಯಡ್ಡಿಗೆ ಆ ಹುಡುಗನ ಕೈಗೆ ಎಂತ ಕೊಡುತ್ತೀ ಅನ್ನುವ ಪ್ರಶ್ನೆ ಹಾಗೇ ಇರುತ್ತದೆ.

ಟೀಚರ್: ಅದೇ ಕೇಳಲು ಬಂದದ್ದು. ಒಂದು ತರಗತಿ ಮುಂದಕ್ಕೆ ಹಾಕುವುದು?

ಮಾಷ್ಟ್ರು: ಆರ್‌ಟಿಇ ಕಾಯ್ದೆ ಬಂದ ಮೇಲೆ ವಯಸ್ಸಿಗೆ ತಕ್ಕ ತರಗತಿ. ನಮ್ಮ ಕಾಲದಲ್ಲಿ ಡಬಲ್ ಪ್ರಮೋಷನ್ ಅಂತ ಕೊಡುತ್ತಿದ್ದರು. ಲೆಕ್ಕದಲ್ಲಿ ಮುಂದಿರುವವನು ಎತ್ತರದಲ್ಲಿ, ಆಟದಲ್ಲಿ, ಜಗಳದಲ್ಲಿ ಮುಂದಿರಬೇಕು ಅಂತ ಇಲ್ಲವಲ್ಲ. ಕೆಲವರಿಗೆ ಒಗ್ಗಿತು, ಕೆಲವರು ದೊಡ್ಡ ಹುಡುಗರ ನಡುವೆ ಬಾಯಿಯೇ ಬಿಡಲಿಲ್ಲ. ನಿನ್ನ ಹುಡುಗ ಮೊದಲೇ ಮಾತಿಗೆ ಹೆದರುವವನು. ಅದು ಬೇಡ.

ಟೀಚರ್: ಹಾಗಾದರೆ ನಲಿ-ಕಲಿ ನೆನಪು ಮಾಡಿಕೊಳ್ಳಿ. ಒಂದರಿಂದ ಮೂರರ ತನಕ ಅದು ನಡೆಯುತ್ತಿದೆಯಲ್ಲ. ಏಣಿ ಇದೆ, ಕಾರ್ಡ್ ಇದೆ. ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಪ್ರತಿ ಮಗು ಎಲ್ಲಿದೆ ಅಂತ ಕಾಣುತ್ತದೆ. ಒಂದು ಮಗು ಟೀಚರ್ ಜೊತೆ ಕೂತಿದ್ದರೆ ಇನ್ನೊಂದು ಗೆಳೆಯನ ಜೊತೆ, ಮತ್ತೊಂದು ಸ್ವಕಲಿಕೆಯ ತಟ್ಟೆಯಲ್ಲಿ ತಾನೇ. ಬೇಗ ಹತ್ತುವವನನ್ನು ಯಾರೂ ಕಾಲು ಹಿಡಿದು ಎಳೆಯುವುದಿಲ್ಲ, ನಿಧಾನದವನಿಗೂ ಅವಮಾನ ಇಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ, ಋಷಿವ್ಯಾಲಿಯ ಮಾದರಿ ನೋಡಿ ಬಂದ ಮೇಷ್ಟ್ರುಗಳೇ ಕಟ್ಟಿದ್ದು. 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಬಂತು. ಜಾಣ ಮಕ್ಕಳಿಗೆ ಅಂತ ಯಾರೂ ಅದನ್ನು ಮಾಡಲಿಲ್ಲ. ಆದರೂ ಅವರಿಗೆ ನಮ್ಮ ಸರ್ಕಾರಿ ಶಾಲೆ ಕೊಟ್ಟ ಅತಿ ಒಳ್ಳೆಯ ವ್ಯವಸ್ಥೆ ಅದೇ ಅಂತ ನನ್ನ ಅನಿಸಿಕೆ.

ಮಾಷ್ಟ್ರು: ನಾಲ್ಕನೇ ತರಗತಿಗೆ ಬಂದ ಕೂಡಲೇ?

ಟೀಚರ್: ಎಲ್ಲರೂ ಒಂದೇ ಪುಟ. 'ಪುಟ ಸಂಖ್ಯೆ 46 ತೆಗೀರಿ'. ಏಣಿಯಲ್ಲಿ ಮೂರು ವರ್ಷ ತನ್ನ ವೇಗದಲ್ಲಿ ಹತ್ತಿದ ಮಗು ಕಿಟಕಿ ನೋಡಲು ಶುರು ಮಾಡುವುದು ನಾಲ್ಕನೇ ತರಗತಿಯ ಜುಲೈನಲ್ಲಿ. ಅಷ್ಟು ಹೊತ್ತಿಗೆ ಅಪ್ಪ-ಅಮ್ಮನಿಗೂ ಮಗು ಹುಷಾರು ಅಂತ ಗೊತ್ತಾಗಿರ್ತದೆ, ಮರುವರ್ಷ ಖಾಸಗಿ ಶಾಲೆಯ ಹಳದಿ ಬಸ್ಸು ಮನೆ ಬಾಗಿಲಿಗೆ ಬರ್ತದೆ.

ಮಾಷ್ಟ್ರು: ಹಳದಿ ಬಸ್ಸಿನ ಶಾಲೆಯಲ್ಲಿ ಹೆಚ್ಚೆಂತ ಕೊಡ್ತಾರೆ, ಅದೇ 46ನೇ ಪುಟ, ಇಂಗ್ಲಿಷಿನಲ್ಲಿ. ಇಲ್ಲವೇ ದುಡ್ಡು ಕಟ್ಟಿಸಿಕೊಂಡು ಮಿಡ್‌ಬ್ರೇನ್ ಆಕ್ಟಿವೇಷನ್. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆ ಅಂತ ಹೊರಟವರನ್ನು ಮಂಗಳೂರಿನ ನರೇಂದ್ರ ನಾಯಕರು ಬಯಲಿಗೆಳೆದರಲ್ಲ, ಮೂಗಿನ ಸಂದಿಯಿಂದ ನೋಡಿ ಓದುವುದು ಅಂತ. ಆದರೂ ಅಂಥ ಕ್ಲಾಸುಗಳಿಗೆ ಮಕ್ಕಳನ್ನು ಕಳಿಸುವವರು ಇದ್ದಾರೆ. ಮಗು ಸಾಧಾರಣ ಅಂತ ಒಪ್ಪಲು ಯಾವ ತಂದೆಗೆ ಮನಸ್ಸು ಬರುತ್ತದೆ?

ಟೀಚರ್: ವಿಷಯಕ್ಕೆ ಬನ್ನಿ ಸರ್. ಎರಡನೇ ಪಿರಿಯಡ್.

ಮಾಷ್ಟ್ರು: ಬಂದೆ. ಜೋಸೆಫ್ ರೆಂಜುಲಿ ಅಂತ ಅಮೆರಿಕದವರು, 1978ರಲ್ಲಿ ಅವರು ಹೇಳಿದ್ದು ನನಗೆ ಒಪ್ಪಿತ. ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಹೊಸತು ಹೊಳೆಯುವ ಗುಣ, ಹಿಡಿದದ್ದನ್ನು ಬಿಡದ ಹಟ, ಈ ಮೂರು ಕೂಡುವ ಕಡೆ ಪ್ರತಿಭೆ ಇದೆ ಅಂತ. ಮೂರನೆಯದು ಎರಡು ಗಂಟೆಯ ಪರೀಕ್ಷೆಯಲ್ಲಿ ಕಾಣುವುದಿಲ್ಲ, ವಾರ ಹಿಡಿಯುವ ಕೆಲಸ ಕೊಟ್ಟರೆ ಮಾತ್ರ ಕಾಣುತ್ತದೆ. ಇನ್ನೊಂದು ಉಪಾಯ ಇದೆ, ಖರ್ಚಿಲ್ಲದ್ದು. ಪಾಠ ಶುರು ಮಾಡುವ ಮೊದಲು ಅಭ್ಯಾಸದ ಅತಿ ಕಷ್ಟದ ನಾಲ್ಕೈದು ಲೆಕ್ಕ ಎಲ್ಲರಿಗೂ ಕೊಡು. ಸರಿ ಮಾಡಿದವನಿಗೆ ಆ ಪಾಠದ ಉಳಿದ ಅಭ್ಯಾಸವೆಲ್ಲ ಮಾಫಿ. ಬಂದದ್ದನ್ನೇ ಇಪ್ಪತ್ತು ಸಲ ಬರೆಸುವುದರಲ್ಲಿ ಹೋಗುತ್ತಿದ್ದ ಸಮಯ ಉಳಿಯಿತಲ್ಲ, ಆ ಸಮಯಕ್ಕೆ ಬೇರೆ ಕೆಲಸ.

ಟೀಚರ್: ಮಾಫಿ ಅಂದರೆ ಕಾಪಿ ಖಾಲಿ ಇರ್ತದೆ. ಇನ್‌ಸ್ಪೆಕ್ಷನ್‌ಗೆ ಬಂದವರು ಅಭ್ಯಾಸ ಎಲ್ಲಿ ಅಂತಾರೆ.

ಮಾಷ್ಟ್ರು: ಮಾಡಿದ ಆ ಐದು ಕಷ್ಟದ ಲೆಕ್ಕದ ಕೆಳಗೆ 'ಈ ಪಾಠ ಪೂರ್ಣ' ಅಂತ ಬರೆದು ಸಹಿ ಹಾಕು. ತಿಳಿದ ಅಧಿಕಾರಿಯಾದರೆ ಖುಷಿ ಪಡುತ್ತಾರೆ. ತಿಳಿಯದವರಾದರೆ ನನ್ನ ಹೆಸರು ಹೇಳು, ಬೈಸಿಕೊಳ್ಳಲು ನನಗೆ ಅಭ್ಯಾಸ ಇದೆ.

ಟೀಚರ್: ಬೇರೆ ಕೆಲಸ ಎಂತದ್ದು? ಪಟ್ಟಿ ಮಾಡಿ ಕೊಡುವವರು ಯಾರಿದ್ದಾರೆ? ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಐಎಎಸ್‌ನಲ್ಲಿ ಅನಿತಾ ಕುರುಪ್ ಅವರ ತಂಡ ಈ ವಿಷಯದಲ್ಲೇ ಕೆಲಸ ಮಾಡಿದೆ. ಮೇಷ್ಟ್ರುಗಳು ಯಾವ ಲಕ್ಷಣ ನೋಡಬೇಕು, ಹಳ್ಳಿ ಮಕ್ಕಳಲ್ಲಿ ಅದು ಹೇಗೆ ಕಾಣಿಸುತ್ತದೆ ಅಂತೆಲ್ಲ. ಪುಣೆಯ ಜ್ಞಾನ ಪ್ರಬೋಧಿನಿ 1969ರಿಂದ ಇಂಥ ಮಕ್ಕಳಿಗೇ ಅಂತ ಶಾಲೆ ನಡೆಸುತ್ತಿದೆ. ಅವೆಲ್ಲ ನಗರದಲ್ಲಿ ಆಯ್ತು. ನನ್ನ ಕ್ಲಸ್ಟರಿಗೆ ಯಾವುದೂ ಬಂದಿಲ್ಲ. ನಮಗೆ ಬರೋದು ಪ್ರತಿಭಾ ಕಾರಂಜಿ. ಕಂಠಪಾಠ, ಛದ್ಮವೇಷ, ಕ್ಲೇ ಮಾಡೆಲಿಂಗ್. ಕ್ಲಸ್ಟರಿನಿಂದ ತಾಲೂಕು, ಅಲ್ಲಿಂದ ಜಿಲ್ಲೆ. ಬಣ್ಣ, ಡ್ರೆಸ್ ಎಲ್ಲ ಮನೆಯವರ ಖರ್ಚು. ನಮ್ಮ ಹುಡುಗನಿಗೆ ಛದ್ಮವೇಷ ಹಾಕಿಸುವವರು ಯಾರು?

ಮಾಷ್ಟ್ರು: ವೇಷದ ಮಾತು ಬಂತು, ಹೇಳುತ್ತೇನೆ ಕೇಳು. ನಮ್ಮ ಬಡಗುತಿಟ್ಟಿನ ಯಕ್ಷಗಾನ ಮೇಳಕ್ಕೆ ಹುಡುಗ ಸೇರಿದರೆ ಯಾರೂ ಪ್ರವೇಶ ಪರೀಕ್ಷೆ ಮಾಡುತ್ತಿರಲಿಲ್ಲ. ಮೊದಲು ಕೋಡಂಗಿ ವೇಷ ಹಾಕಿಸಿ ರಂಗಸ್ಥಳಕ್ಕೆ ಬಿಡುವುದು, ಆಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ. ಪ್ರಸಂಗ ಶುರುವಾಗುವ ಮೊದಲು, ಜನ ಚಾಪೆ ಹಾಸಿಕೊಳ್ಳುವ ಹೊತ್ತಿಗೆ ಇವೆಲ್ಲ ಆಗುವುದು. ತಪ್ಪಿದರೂ ಆಟ ಕೆಡುವುದಿಲ್ಲ. ಭಾಗವತರು ಒಂದು ಕಣ್ಣು ಇಟ್ಟಿರುತ್ತಾರೆ. ತಾಳಕ್ಕೆ ಬೀಳುವವನು, ಬೀಳದವನು, ಬೀಳದಿದ್ದರೂ ಮರುದಿನ ಮತ್ತೆ ಬರುವವನು ಎಲ್ಲ ಒಂದು ತಿರುಗಾಟದಲ್ಲಿ ಗೊತ್ತಾಗುತ್ತದೆ. ಕಲಿಸುವುದೂ ಆರಿಸುವುದೂ ಒಟ್ಟಿಗೇ.

ಟೀಚರ್: ಆ ರಂಗಸ್ಥಳಕ್ಕೆ ಹುಡುಗಿಯರನ್ನು ಬಿಡ್ತಿರಲಿಲ್ಲ, ಅದನ್ನೂ ಹೇಳಿ.

ಮಾಷ್ಟ್ರು: ಬಿಡುತ್ತಿರಲಿಲ್ಲ. ಸರಿಯಾಗಿ ಹಿಡಿದೆ. ಸ್ತ್ರೀವೇಷವೂ ಗಂಡಸರದ್ದೇ. ಎಷ್ಟು ಚಂದದ ವ್ಯವಸ್ಥೆಯಾದರೂ ಒಳಗೆ ಬಿಡದವರನ್ನು ಅದು ಗುರುತಿಸಲಾರದು.

ಟೀಚರ್: ಈಗ ಉಡುಪಿಯ ಯಕ್ಷಶಿಕ್ಷಣ ಟ್ರಸ್ಟಿನವರು ಹೈಸ್ಕೂಲುಗಳಿಗೇ ಹೋಗಿ ಕಲಿಸುತ್ತಾರೆ, ಹುಡುಗಿಯರೂ ವೇಷ ಕಟ್ಟುತ್ತಾರೆ. ಶಾಲೆಯೊಳಗೆ, ಬಂದವರಿಗೆಲ್ಲ. ಲೆಕ್ಕಕ್ಕೂ ಹಾಗೇ ಒಬ್ಬರು ಬಂದರೆ…

ಮಾಷ್ಟ್ರು: ಯಾರೂ ಬರುವುದಿಲ್ಲ ಮಾರಾಯ್ತಿ. ನಾನು ಬರುತ್ತೇನೆ ಬೇಕಾದರೆ, ಶನಿವಾರ. ಪಂಚಾಯತ್ ಲೈಬ್ರರಿಗೆ ಈಗ ಅರಿವು ಕೇಂದ್ರ ಅಂತ ಹೆಸರು ಇಟ್ಟಿದ್ದಾರಲ್ಲ, ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ. ಅಲ್ಲಿಂದ ಪುಸ್ತಕ ತರಿಸು. ಹಿಂದೆ ನಮಗೆ ಕಾರಂತರ 'ಬಾಲಪ್ರಪಂಚ' ಇತ್ತು. ಕೋಟದವರೇ, ಕಾಲೇಜು ಬಿಟ್ಟು ಗಾಂಧಿ ಹಿಂದೆ ಹೋದವರು, ಮಕ್ಕಳಿಗೆ ಪ್ರಪಂಚವನ್ನೆಲ್ಲ ಕನ್ನಡದಲ್ಲಿ ಬರೆದಿಟ್ಟರು.

ಟೀಚರ್: ನಮ್ಮೂರ ಸಭೆಗಳಲ್ಲಿ ಯಾವಾಗಲೂ ಇದೇ ಮಾತು. ಕಾರಂತರು ಕಾಲೇಜು ಬಿಟ್ಟರು, ಮೊಗೇರಿಯ ಹಳ್ಳಿಯಲ್ಲಿ ಹುಟ್ಟಿದ ಅಡಿಗರು ಅಷ್ಟು ದೊಡ್ಡ ಕವಿ ಆದರು, ಪ್ರತಿಭೆ ಇದ್ದರೆ ತಾನಾಗಿ ಮೇಲೆ ಬರ್ತದೆ ಅಂತ. ನನಗೆ ಅದು ಕೇಳಿದರೆ ಸಿಟ್ಟು ಬರ್ತದೆ. ಬಂದವರ ಹೆಸರು ಮಾತ್ರ ನಮಗೆ ಗೊತ್ತು. ಅದೇ ಮೊಗೇರಿಯಲ್ಲಿ, ಅದೇ ಕಾಲದಲ್ಲಿ, ಗೇಣಿ ಒಕ್ಕಲಿನ ಮನೆಯಲ್ಲಿ ಹುಟ್ಟಿ ದನ ಕಾಯಲು ಹೋದ ಹುಡುಗಿ ಎಂಥವಳಿದ್ದಳು ಅಂತ ಯಾರು ಬರೆದಿಟ್ಟಿದ್ದಾರೆ?

ಮಾಷ್ಟ್ರು: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆಮೇಲೆ, ನಿನ್ನ ಹುಡುಗನಿಗೆ ಮುಂದೆ ಎಂತ ಕೊಟ್ಟೆ?

ಟೀಚರ್: 4 ಮತ್ತು 7ರ ನೋಟು. ಒಂದು ವಾರ ಹಿಡಿದ. ಊಟದ ಬಟ್ಟಲು ತೊಳೆಯುವಲ್ಲೂ ಅದೇ ಲೆಕ್ಕ. ಕೊನೆಗೆ 17 ಆಗುವುದಿಲ್ಲ, ಅದರಾಚೆಗೆ ಎಲ್ಲ ಆಗುತ್ತದೆ ಅಂತ ಬಂದ. ಹೇಗೆ ಅಂದರೆ, 18, 19, 20, 21 ನಾಲ್ಕೂ ಸಾಲಾಗಿ ಆದವು, ಇನ್ನು ನಾಲ್ಕು ನಾಲ್ಕು ಹಚ್ಚಿದರೆ ಆಯ್ತು ಅಂದ. ಮೂರು ಇದ್ದಲ್ಲಿ ಮೂರು ಸಾಲು ಬೇಕಿತ್ತು, ನಾಲ್ಕು ಇದ್ದಲ್ಲಿ ನಾಲ್ಕು ಸಾಲು ಬೇಕು ಅಂತ ಅವನೇ ಕಂಡುಕೊಂಡಿದ್ದ. ನಲವತ್ತರ ತನಕ ಬರೆದಿದ್ದ ನಮ್ಮ ಮೊದಲನೆಯವನೂ ಈಗ ಅವನ ಪಕ್ಕವೇ ಕೂರ್ತಾನೆ. ಇಬ್ಬರೂ ಜಗಳ ಮಾಡ್ತಾ ಲೆಕ್ಕ ಮಾಡ್ತಾರೆ. ಇವನ 'ಆಗಂಗಿಲ್ಲ' ಅವನ ಬಾಯಿಗೂ ಬಂದಿದೆ.

ಮಾಷ್ಟ್ರು: ಏಪ್ರಿಲ್ ಹತ್ತರ ಹೊತ್ತಿಗೆ ಶಾಲೆ ಮುಗಿಯುತ್ತದೆ. ಆಮೇಲೆ?

ಟೀಚರ್: ಟಿ.ಸಿ. ತೆಗೆದುಕೊಂಡು ಹೋಗ್ತಾನೆ. ಎಸ್‌ಎಟಿಎಸ್ ನಂಬರ್ ಅವನ ಜೊತೆ ಹೋಗ್ತದೆ. ಹುಟ್ಟಿದ ತಾರೀಕು, ಜಾತಿ, ಹಾಜರಿ, ಅಂಕ ಎಲ್ಲ ಅದರಲ್ಲಿ ಇದೆ. 17ರ ವಿಷಯ ಹಾಕಲು ಕಾಲಂ ಇಲ್ಲ. ಅದಕ್ಕೆ ಒಂದು ಕಾಗದ ಬರೆದು ಅವನ ಕೈಯಲ್ಲೇ ಕೊಡುವ ಅಂತ. ಅಲ್ಲಿ ಯಾವ ಟೀಚರ್ ಇರ್ತಾರೋ ಗೊತ್ತಿಲ್ಲ.

ಮಾಷ್ಟ್ರು: ಬರಿ. 'ಪ್ರತಿಭಾವಂತ', 'ಅತ್ಯಂತ ಬುದ್ಧಿವಂತ' ಅಂತೆಲ್ಲ ಬರೆಯಬೇಡ. ಅಂಥ ಕಾಗದ ಯಾರೂ ನಂಬುವುದಿಲ್ಲ, ನಂಬಿದರೆ ಅವನನ್ನು ಮಾನಿಟರ್ ಮಾಡಿಬಿಡುತ್ತಾರೆ. ಅವನು ಎಂತ ಮಾಡಿದ ಅಂತ ಮಾತ್ರ ಬರಿ.

ಟೀಚರ್: ಹಾಗೇ ಬರೆದಿದ್ದೇನೆ. 3 ಮತ್ತು 5 ಕೊಟ್ಟಾಗ ಹೀಗಂದ, 4 ಮತ್ತು 7 ಕೊಟ್ಟಾಗ ಹೀಗೆ ಮಾಡಿದ, ಕನ್ನಡ ಓದುವಾಗ ಯಾರೂ ನಗದಂತೆ ನೋಡಿಕೊಳ್ಳಿ, ಈಗ 5 ಮತ್ತು 8 ಕೊಟ್ಟಿದ್ದೇನೆ, ಇನ್ನೂ ಮುಗಿದಿಲ್ಲ, ದಯವಿಟ್ಟು ಕೇಳಿ ಅಂತ.

ಮಾಷ್ಟ್ರು: 5 ಮತ್ತು 8ಕ್ಕೆ ಎಷ್ಟು ಬರುತ್ತದೆ?

ಟೀಚರ್: ಕಾಗದದಲ್ಲಿ ಬರೆದಿಲ್ಲ ಸರ್. ಆ ಟೀಚರೂ ಸ್ವಲ್ಪ ಲೆಕ್ಕ ಮಾಡಲಿ. ನೀವೂ ಮಾಡಿ.